ಅಮ್ಮನ ಕೆನ್ನೆಯ ನೇರಳೆ ಗೆರೆ

ಕಾಪುವಿನ ಸಮುದ್ರದಲ್ಲಿ ಹೋಗುವ ಹಡಗಿನವರಿಗೆ ಮೊದಲು ಕಾಣುವುದು ದೀಪಸ್ತಂಭ. ಎರಡನೆಯದು ನನ್ನ ಟೈಲರ್ ಅಂಗಡಿಯ ಬೋರ್ಡು. ಈ ದೇಜಪ್ಪ ಹೊಲಿದ ಪ್ಯಾಂಟು ಹಾಕಿಕೊಂಡು ಬೊಂಬಾಯಿಯಲ್ಲಿ ಇಳಿದವರಿಗೆ ಸಿನಿಮಾ ನಟನೆಂದು ಪೊಲೀಸರು ಸೆಲ್ಯೂಟ್ ಹೊಡೆದದ್ದುಂಟು. ನಂಬದವರು ಬೊಂಬಾಯಿಗೆ ಹೋಗಿ ಕೇಳಬಹುದು.

ಆದರೆ ಎಂಬತ್ತನಾಲ್ಕನೆಯ ಇಸವಿಯ ಆ ಎರಡು ತಿಂಗಳಲ್ಲಿ ಊರಿನವರು ನನ್ನ ಬೋರ್ಡನ್ನು ನೋಡಲಿಲ್ಲ. ನೋಡಿದ್ದು ನಮ್ಮ ಅಮ್ಮನ ಮುಖವನ್ನು.

ನಮ್ಮ ಮನೆಯಲ್ಲಿದ್ದವರು ನಾಲ್ಕೇ ಜನ. ಅಮ್ಮ, ಅಕ್ಕ ಪ್ರಭಾವತಿ, ಅಕ್ಕನ ಮಗಳು ಸುಭಾಷಿಣಿ, ನಾನು. ಭಾವ ತೀರಿಹೋಗಿ ಹತ್ತು ವರ್ಷವಾಗಿತ್ತು. ಅಕ್ಕನನ್ನೂ ಅವಳ ಮಗಳನ್ನೂ ಸಾಕುತ್ತಿರುವವ ನಾನೇ ಎಂದು ಪಡುಬಿದ್ರಿಯಿಂದ ಉಡುಪಿಯವರೆಗೆ ಹೇಳಿಕೊಂಡಿದ್ದೆ. ನಮ್ಮ ಕಡೆ ಮನೆ ಹೆಣ್ಣುಮಕ್ಕಳ ಹೆಸರಿನಲ್ಲಿರುವುದರಿಂದ ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದವ ನಾನು ಎಂಬುದು ಊರಿಗೇ ಗೊತ್ತಿತ್ತು. ಅಕ್ಕ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಅವಳ ಬೆರಳು ಓಡುವ ವೇಗಕ್ಕೆ ನನ್ನ ಹೊಲಿಗೆ ಮೆಶಿನು ನಾಚಿಕೊಂಡು ಸೂಜಿ ಮುರಿದುಕೊಂಡದ್ದೂ ಉಂಟು.

ಸುಭಾಷಿಣಿ ಮಣಿಪಾಲದ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ ಕೆಲಸ ಕಲಿಯಲು ಸೇರಿದ್ದಳು. ದಪ್ಪ ಗೋಡೆಯ ಕೋಣೆ, ಒಳಗೆ ದೊಡ್ಡ ಮೆಶಿನು, ಅದರ ತಲೆಯೊಳಗೆ ಸೀಸದಲ್ಲಿ ಮುಚ್ಚಿಟ್ಟ ಕೋಬಾಲ್ಟು. ರೋಗಿಯನ್ನು ಮಲಗಿಸಿ, ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿ, ಡಾಕ್ಟರು ಹೇಳಿದಷ್ಟೇ ಹೊತ್ತು ಕಿರಣ ಬಿಡಬೇಕು. ನಾನು ಅಂಗಡಿಯಲ್ಲಿ ಇದನ್ನು ವಿವರಿಸುವಾಗ ಗೋಡೆ ಕಾರ್ಕಳದ ಬಂಡೆಯಷ್ಟು ದಪ್ಪ, ಬಾಗಿಲು ತೆರೆಯಲು ಎರಡು ಆನೆ ಬೇಕು ಎನ್ನುತ್ತಿದ್ದೆ. ಕಲಿಸುವವರು ಕಲ್ಯಾಣಪುರದ ಲಿಡ್ವಿನ್ ಎಂಬವರು. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ಅದು ಮುಗಿದಾಗ, ಈ ಹುಡುಗಿ ಮುಂದುವರಿಯಬಹುದು ಎಂದು ಲಿಡ್ವಿನ್ ಸರ್ ಹೇಳಬೇಕು. ಇಲ್ಲದಿದ್ದರೆ ಮನೆಗೆ. ಆ ಡಿಸೆಂಬರ್ ಕೊನೆಗೆ ಸುಭಾಷಿಣಿಯ ಆರು ತಿಂಗಳು ಮುಗಿಯುತ್ತಿತ್ತು.

ಅಕ್ಕನಿಗೆ ಈ ಕಲಿಕೆ ಸುತರಾಂ ಇಷ್ಟವಿರಲಿಲ್ಲ. ಆ ಮೆಶಿನಿನ ಹತ್ತಿರ ಓಡಾಡುವ ಹೆಣ್ಣುಮಕ್ಕಳಿಗೆ ಮಕ್ಕಳಾಗುವುದಿಲ್ಲ ಎಂದು ಮೀನು ಮಾರುವ ಹೆಂಗಸು ಹೇಳಿದ್ದಳಂತೆ. ಸುಭಾಷಿಣಿ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜಿನ ವಿಷಯ ಹೇಳಿದಳು, ಅದರೊಳಗಿನ ಫಿಲ್ಮು ಎಷ್ಟು ಕಿರಣ ತಾಗಿತು ಎಂದು ತೋರಿಸುತ್ತದೆ ಎಂದಳು. ಅಕ್ಕ ಬಂಗುಡೆ ತೊಳೆಯುತ್ತಾ, ಬ್ಯಾಡ್ಜು ಹೆರುತ್ತದಾ ಎಂದು ಕೇಳಿದಳು. ಮಗಳು ಅಂದು ಊಟ ಬಿಟ್ಟಳು. ಅವಳ ಪಾಲಿನ ಬಂಗುಡೆ ನನಗೆ ಬಂತು. ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ.

ಇನ್ನು ನಮ್ಮ ಅಮ್ಮ. ಬಾಯಲ್ಲಿ ಎಲೆಯಡಿಕೆ ಹೊಗೆಸೊಪ್ಪು ಇಲ್ಲದ ಅಮ್ಮನನ್ನು ನಾನು ಹುಟ್ಟಿದ ಮೇಲೆ ನೋಡಿದ್ದಿಲ್ಲ. ಅವಳು ಉಗಿದದ್ದೆಲ್ಲ ಒಂದೇ ಕಡೆ ಸೇರಿದ್ದರೆ ಸ್ವರ್ಣಾ ನದಿ ಕೆಂಪಾಗಿ ಸಮುದ್ರ ಸೇರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಮೀನುಸಾರು ಉಣ್ಣುವಾಗ ಮುಖ ಕಿವಿಚತೊಡಗಿದಳು. ದವಡೆ ಹಲ್ಲು ಎಂದಳು, ಲವಂಗ ಇಟ್ಟುಕೊಂಡಳು. ಸುಭಾಷಿಣಿ ಒಂದು ಭಾನುವಾರ ಅಜ್ಜಿಯನ್ನು ಅಂಗಳದ ಬಿಸಿಲಿಗೆ ಕೂರಿಸಿ ಬಾಯಿ ತೆರೆಸಿದಳು. ಎಡಗೆನ್ನೆಯ ಒಳಗೆ ಮಾಯದ ಹುಣ್ಣು. ಏನೂ ಹೇಳದೆ ಬಾಯಿ ಮುಚ್ಚಿಸಿದಳು. ಮರುದಿನ ಬೆಳಗಿನ ಬಸ್ಸಿಗೆ ಅಜ್ಜಿಯನ್ನು ಹತ್ತಿಸಿಕೊಂಡು ಹೋದಳು.

ಡಾಕ್ಟರು ಹುಣ್ಣಿನ ಚೂರು ತೆಗೆದು ನೋಡಿದರು. ಬೇಗ ಬಂದಿದ್ದೀರಿ, ಆರು ವಾರ ಕಿರಣ ಕೊಟ್ಟರೆ ವಾಸಿಯಾಗುವ ಆಸೆ ಉಂಟು ಎಂದರು. ವಾರ್ಡಿನಲ್ಲಿ ಮಲಗಲು ಅಮ್ಮ ಒಪ್ಪಲಿಲ್ಲ. ಆಸ್ಪತ್ರೆಯ ಹತ್ತಿರದ ಪರ್ಕಳದಲ್ಲಿ ಕೋಣೆ ಹಿಡಿಯುತ್ತೇನೆ ಎಂದು ನಾನು ಹೇಳಿದರೂ ಕೇಳಲಿಲ್ಲ, ಮನೆಯಿಂದಲೇ ಹೋಗಿ ಬರುತ್ತೇನೆ ಎಂದು ಹಟ ಹಿಡಿದಳು. ಆಗ ಸುಭಾಷಿಣಿ ಲಿಡ್ವಿನ್ ಸರ್ ಹತ್ತಿರ ಹೋಗಿ, ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು ಎಂದು ಬಾಯಿಬಿಟ್ಟು ಹೇಳಿದಳು.

ಕಿರಣ ಎಲ್ಲಿ ಬೀಳಬೇಕೆಂದು ಅಮ್ಮನ ಕೆನ್ನೆಯಿಂದ ಕುತ್ತಿಗೆಯವರೆಗೆ ನೇರಳೆ ಶಾಯಿಯಲ್ಲಿ ಚೌಕ ಬರೆದರು. ಆರು ವಾರವೂ ಅದು ಅಳಿಸಿಹೋಗಬಾರದು. ಮನೆಗೆ ಬಂದ ದಿನವೇ ಸುಭಾಷಿಣಿ, ಗೆರೆಗೆ ನೀರು ತಾಗಿಸಬಾರದು, ಎಣ್ಣೆ, ಸೋಪು, ಪೌಡರು ಯಾವುದೂ ಮುಟ್ಟಿಸಬಾರದು ಎಂದು ಎಲ್ಲರಿಗೂ ಕಟ್ಟುನಿಟ್ಟು ಮಾಡಿದಳು.

ಅಮ್ಮನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಬಸ್ಸಿನಲ್ಲಿ ಅವಳಿಗೆ ಸೀಟು ಬಿಡದವರಿಲ್ಲ. ಯಕ್ಷಗಾನ ಮೇಳಕ್ಕೆ ಸೇರಿದ್ದೀರಾ, ಯಾವ ವೇಷ ಎಂದು ಕಂಡಕ್ಟರ್ ಕೇಳಿದ್ದಕ್ಕೆ, ನಿನ್ನ ಮಾವನ ಪಾತ್ರ, ಟಿಕೆಟ್ ಹರಿ ಎಂದಳಂತೆ. ಇಡೀ ಬಸ್ಸು ಕಟಪಾಡಿಯಿಂದ ಉಡುಪಿಯವರೆಗೆ ನಕ್ಕಿತು. ಡ್ರೈವರ್ ನಗುತ್ತಾ ಎರಡು ಸ್ಟಾಪು ಬಿಟ್ಟು ಹೋದ.

ಮನೆಯ ಕೆಲಸ ಮಾತ್ರ ಬುಡಮೇಲಾಯಿತು. ಅಮ್ಮನಿಗೆ ಖಾರ ಆಗದು. ಅಕ್ಕ ಎರಡೆರಡು ಸಲ ಅರೆಯಬೇಕು, ಅಮ್ಮನ ತೆಂಗಿನಕಾಯಿ ಬೇರೆ, ನಮ್ಮದು ಬೇರೆ. ಬೀಡಿ ಕಟ್ಟುವುದು ಹಿಂದೆ ಬಿತ್ತು. ಗಂಜಿಯೂ ಗಂಟಲಿಗೆ ಇಳಿಯದೆ, ಅಮ್ಮ ಬಟ್ಟಲು ದೂಡಿ, ಒಂದು ಎಲೆ ಸುಣ್ಣ ಹಚ್ಚಿ ಕೊಡು ಎಂದು ಗೋಗರೆಯುತ್ತಿದ್ದಳು. ಸುಭಾಷಿಣಿ ಎಲೆಯ ಪೆಟ್ಟಿಗೆಯನ್ನು ಬಾವಿಕಟ್ಟೆಯ ಆಚೆ ಬಿಸಾಡಿದಳು. ಅಕ್ಕ ಅದನ್ನು ಹೆಕ್ಕಿ ತಂದು ನೆಲ್ಲಿನ ಚೀಲದ ಹಿಂದೆ ಅಡಗಿಸಿದಳು. ನಾನು ಅಲ್ಲಿಂದ ತೆಗೆದು ಅಂಗಡಿಗೆ ಒಯ್ದೆ. ಆಮೇಲಿನ ಮೂರು ವಾರ ನನ್ನ ಬಾಯಿ ಕೆಂಪಗಿದ್ದುದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ಇದರ ನಡುವೆ ಕಾರ್ಕಳದ ಸಂಬಂಧ ಬಂತು. ಹುಡುಗ ಬೊಂಬಾಯಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಅವನ ಪರವಾಗಿ ಮಾತಾಡುವವರು ಅವನ ಸೋದರಮಾವ ಹೂವಪ್ಪಣ್ಣ. ನಮ್ಮ ಕಡೆಯಿಂದ ಮಾತಾಡಬೇಕಾದವ ನಾನು. ಇಬ್ಬರು ಸೋದರಮಾವಂದಿರು ಎದುರುಬದುರು ಕೂತರೆ ಅದು ಸಂಬಂಧ ಮಾತಾಡುವುದಲ್ಲ, ಕೋಣದ ಓಟ. ಅಕ್ಕ ಮಾತ್ರ ಇದೊಂದು ಆದರೆ ಸಾಕು, ಹುಡುಗಿ ಆ ಮೆಶಿನಿನಿಂದ ಬಚಾವಾಗುತ್ತಾಳೆ ಎಂದು ದೇವರಿಗೆಲ್ಲ ಹರಕೆ ಹೊತ್ತಳು. ಮದುವೆಯಾಗಲಿ ಬಿಡಲಿ, ಪರೀಕ್ಷೆಯ ಅವಧಿ ಮುಗಿಯುವ ತನಕ ಯಾರೂ ಬರಬಾರದು ಎಂದು ಸುಭಾಷಿಣಿ ಹೇಳಿದ್ದಳು. ಅಕ್ಕ ಅವಳಿಗೆ ತಿಳಿಸದೆ ಗುರುವಾರ ಬನ್ನಿ ಎಂದು ಹೇಳಿ ಕಳುಹಿಸಿದಳು. ಆ ವಾರ ಮೆಶಿನಿಗೆ ಏನೋ ಸಣ್ಣ ರಿಪೇರಿ ಇದ್ದುದರಿಂದ ಗುರುವಾರ ಅಮ್ಮನಿಗೆ ರಜೆ. ಸುಭಾಷಿಣಿ ಆಸ್ಪತ್ರೆಯಿಂದ ಬರುವುದು ಸಂಜೆ. ಬಂದವಳು ಎದುರಿಗೆ ಸಿಕ್ಕಿಬೀಳುತ್ತಾಳೆ ಎಂಬುದು ಅಕ್ಕನ ಲೆಕ್ಕ.

ಗುರುವಾರ ನಾನು ಕೋಳಿ ತಂದೆ. ಅಷ್ಟು ದೊಡ್ಡ ಹುಂಜ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. ಅಕ್ಕ ರೊಟ್ಟಿ ಜೋಡಿಸಿಟ್ಟು, ಅಂಗಳಕ್ಕೆ ಸೆಗಣಿ ಸಾರಿಸಿ, ಅಮ್ಮನಿಗೆ ಮಡಿಕೆ ಮುರಿಯದ ಸೀರೆ ಉಡಿಸಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ಕೆನ್ನೆಯ ತುಂಬ ನೇರಳೆ ಗೆರೆ. ಬಂದವರು ಏನೆಂದು ಕೇಳಿದರೆ? ಮನೆಯಲ್ಲಿ ಆ ಕಾಯಿಲೆ ಉಂಟೆಂದು ಗೊತ್ತಾದರೆ ಅಂಗಳದಿಂದಲೇ ತಿರುಗಿ ಹೋಗುತ್ತಾರೆ. ಅಕ್ಕ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮೊದಲು ತೆಂಗಿನೆಣ್ಣೆ, ಮೇಲೆ ಕಡಲೆಹಿಟ್ಟು, ಕೊನೆಗೆ ಬಿಸಿನೀರು ಹಾಕಿ ತಿಕ್ಕಿದಳು. ನಾನು ಹುಂಜದ ಪುಕ್ಕ ಕೀಳುತ್ತಿದ್ದವ, ಅಕ್ಕಾ, ಅದು ಅಳಿಸಬಾರದು ಅಲ್ವಾ ಎಂದು ಕೇಳಿದ್ದು ನಿಜ. ಶಾಯಿಯಲ್ಲಿ ಎಂತ ಮದ್ದುಂಟು ಮಾರಾಯ, ನಾಳೆ ಅವಳೇ ಬರೆದುಕೊಳ್ಳಲಿ, ಅದನ್ನೇ ತಾನೆ ಕಲಿಯುವುದು ಎಂದಳು ಅಕ್ಕ. ಅಮ್ಮನೂ ಉರಿಯುವ ಕೆನ್ನೆಗೆ ಎಣ್ಣೆ ಹಾಯೆನಿಸಿ ಮುಖ ಬಗ್ಗಿಸಿ ಕೊಟ್ಟಿದ್ದಳು.

ಹೂವಪ್ಪಣ್ಣ, ಹುಡುಗನ ತಾಯಿ, ಇನ್ನಿಬ್ಬರು ಹೆಂಗಸರು ಬಂದರು. ಹೂವಪ್ಪಣ್ಣ ತಮ್ಮ ಅಳಿಯ ರಜೆ ಹಾಕಿದರೆ ಬ್ಯಾಂಕಿನ ಕೀಲಿ ತೆಗೆಯುವವರಿಲ್ಲ ಎಂದರು. ನಾನು ನಮ್ಮ ಹುಡುಗಿ ರಜೆ ಹಾಕಿದರೆ ಮಣಿಪಾಲದಲ್ಲಿ ಡಾಕ್ಟರುಗಳು ಕೈಕಟ್ಟಿ ಕೂರುತ್ತಾರೆ ಎಂದೆ. ಆಗ ಅವರು ಕೋಳಿಯ ಕಾಲು ಕೆಳಗಿಟ್ಟು ಕೇಳಿದರು.

"ದೇಜಪ್ಪ, ಹುಡುಗಿ ಆಸ್ಪತ್ರೆಯ ಆಫೀಸಿನಲ್ಲಿ ಬರೆಯುವ ಕೆಲಸ ಎಂದು ನಿಮ್ಮ ಅಕ್ಕ ಹೇಳಿ ಕಳುಹಿಸಿದ್ದರು. ನೀವು ಅರ್ಧ ಡಾಕ್ಟರು ಎನ್ನುತ್ತೀರಿ. ಎರಡರಲ್ಲಿ ಯಾವುದು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಸುಭಾಷಿಣಿ ಅಂಗಳಕ್ಕೆ ಬಂದಳು. ಜಗಲಿಯ ಜನರನ್ನು ನೋಡಿದಳು, ತಾಯಿಯನ್ನು ನೋಡಿದಳು, ಆಮೇಲೆ ಮೂಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ಅಜ್ಜಿಯ ಮುಖ ನೋಡಿದಳು. ಚೀಲ ಅಲ್ಲೇ ಬಿತ್ತು. ನೆಂಟರ ನಡುವಿನಿಂದಲೇ ದಾಟಿಹೋಗಿ ಅಜ್ಜಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಯಾರು ತೊಳೆದದ್ದು?"

ಹೂವಪ್ಪಣ್ಣ ಏನಾಯಿತು ತಂಗಿ ಎಂದು ಕೇಳಿದ್ದಕ್ಕೆ ಅವಳು ತಿರುಗಿ ನಿಂತು ಎಲ್ಲವನ್ನೂ ಹೇಳಿದಳು. ಅಜ್ಜಿಗೆ ಕ್ಯಾನ್ಸರ್, ಕಿರಣ ಕೊಡುತ್ತಿದ್ದಾರೆ, ತಾನು ಕಲಿಯುತ್ತಿರುವುದು ಅದೇ ಕೆಲಸ, ಡಾಕ್ಟರೂ ಅಲ್ಲ ಗುಮಾಸ್ತೆಯೂ ಅಲ್ಲ. ಹುಡುಗನ ತಾಯಿ ಮಕ್ಕಳಾಗುವ ವಿಷಯ ಮೆಲ್ಲ ಎತ್ತಿದರು. ನನ್ನ ಗುರುಗಳಿಗೆ ಮೂರು ಮಕ್ಕಳಿದ್ದಾರೆ, ಮೂವರಿಗೂ ತುಂಟತನ ಜಾಸ್ತಿ, ಬೇರೇನೂ ತೊಂದರೆ ಇಲ್ಲ ಎಂದಳು ಸುಭಾಷಿಣಿ. ನೆಂಟರು ಕೈತೊಳೆದು, ಕಾರ್ಕಳಕ್ಕೆ ಕಡೆಯ ಬಸ್ಸು ತಪ್ಪುತ್ತದೆ ಎಂದು ಎದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ.

ಅವರು ಗೇಟು ದಾಟಿದ ಮೇಲೆ ನಮ್ಮಲ್ಲಿ ಆದ ಜಗಳಕ್ಕೆ ದೀಪಸ್ತಂಭದ ಕಾವಲುಗಾರ ಬಿರುಗಾಳಿ ಎದ್ದಿತೆಂದು ಕೆಳಗೆ ಇಳಿದು ಬಂದನಂತೆ. ನನ್ನ ಮದುವೆಗಿಂತ ನಿನಗೆ ನಿನ್ನ ತಾಯಿ ಸಸಾರವಾ ಎಂದು ಮಗಳು, ನಿನ್ನನ್ನು ಹೆತ್ತವಳಿಗೆ ಬುದ್ಧಿ ಹೇಳುವಷ್ಟು ಕಲಿತೆಯಾ ಎಂದು ತಾಯಿ. ಕೊನೆಗೆ ಅಕ್ಕ ಕಣ್ಣೊರೆಸಿಕೊಂಡು ಒಂದು ದಾರಿ ಹೇಳಿದಳು. ಸರಿಯಾಗಿ ನೋಡಿದರೆ ಕೆನ್ನೆಯ ಮೇಲೆ ಗೆರೆಯ ನೆರಳು ಇನ್ನೂ ಅಲ್ಲಲ್ಲಿ ಉಂಟು. ಅದರ ಮೇಲೆಯೇ ಬರೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಕಲಿಕೆಗೂ ಕುತ್ತಿಲ್ಲ. ನಾನು ಮುಂದೆ ಬಂದೆ. ಜಡ್ಜುಗಳ ಕೋಟಿಗೆ ಕಣ್ಣು ಮುಚ್ಚಿ ಗೆರೆ ಹಾಕಿದ ಕೈ ಇದು, ಒಂದು ನೂಲು ಆಚೀಚೆ ಆಗುವುದಿಲ್ಲ ಎಂದೆ.

"ಹೋದ ವಾರ ಭಟ್ರ ಅಂಗಿಗೆ ಒಂದು ತೋಳು ಉದ್ದ ಒಂದು ಗಿಡ್ಡ ಮಾಡಿದ್ದು ಯಾರು ಮಾವ?"

"ಅದು ಭಟ್ರ ಕೈಯ ದೋಷ."

ಸುಭಾಷಿಣಿ ನಗಲಿಲ್ಲ. ತನ್ನ ಚೀಲದಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅಜ್ಜಿಯ ಕೆನ್ನೆಯ ಹತ್ತಿರ ಹಿಡಿದಳು. ಅವಳಿಗೂ ಆಸೆ ಹುಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆಯ ಅವಧಿ ಮುಗಿಯುತ್ತಿತ್ತು. ಅಮ್ಮ ಕಣ್ಣುಮುಚ್ಚಿ, ಬರಿ ಮಗ ಬರಿ ಎಂದಳು. ಹುಡುಗಿ ಗೆರೆಯ ನೆರಳನ್ನು ಇನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ಹಾಕಿದಳು.

"ಬೆರಳಿನಷ್ಟು ಜಾರಿದರೆ ಹುಣ್ಣು ಒಳಗೇ ಉಳಿಯುತ್ತದೆ, ಸರಿ ಇರುವ ಜಾಗ ಸುಡುತ್ತದೆ. ನಾಳೆ ನಾನೇ ಹೇಳುತ್ತೇನೆ."

ಮರುದಿನ ಲಿಡ್ವಿನ್ ಸರ್ ಬೈಯಲಿಲ್ಲವಂತೆ. ಬೈದಿದ್ದರೆ ಒಳ್ಳೆಯದಿತ್ತು. ಅಮ್ಮನನ್ನು ಮತ್ತೆ ಮಲಗಿಸಿ, ಎಕ್ಸ್‌ರೇ ತೆಗೆಸಿ, ಡಾಕ್ಟರನ್ನು ಕರೆದು, ಮೊದಲಿನಿಂದ ಅಳೆದು ಗೆರೆ ಹಾಕುವಷ್ಟರಲ್ಲಿ ಎರಡು ದಿನದ ಕಿರಣ ತಪ್ಪಿತು. ಆಮೇಲೆ ಅವರು ಸುಭಾಷಿಣಿಗೆ, ನಾನು ಹೇಳುವ ತನಕ ಮೆಶಿನಿನ ಕೋಣೆಗೆ ಬರಬೇಡ, ಹೊರಗಿನ ಬೆಂಚಿನಲ್ಲಿ ರೋಗಿಗಳ ಜೊತೆ ಕೂತುಕೋ ಎಂದರು. ತಿಂಗಳ ಕೊನೆಗೆ ಏನಾಗುತ್ತದೆ ಎಂಬುದನ್ನು ಹೇಳಲಿಲ್ಲ.

ಸುಭಾಷಿಣಿ ತಾಯಿಯ ಹತ್ತಿರ ಮಾತು ಬಿಟ್ಟಳು. ಗಂಜಿಯನ್ನು ನಿಂತೇ ಕುಡಿದು, ತನ್ನ ಬಟ್ಟಲು ತಾನೇ ತೊಳೆದಿಟ್ಟು ಬಸ್ಸಿಗೆ ಓಡುತ್ತಿದ್ದಳು. ಅಕ್ಕನಿಗೆ ಬೇಕಾದದ್ದು ಇದೇ ತಾನೆ, ಹುಡುಗಿ ಮೆಶಿನಿನಿಂದ ದೂರವಾಗುವುದು. ಆದರೆ ಅವಳು ಕಟ್ಟಿದ ಬೀಡಿ ಆ ವಾರ ಸರಿಯಿಲ್ಲವೆಂದು ಅರ್ಧಕ್ಕರ್ಧ ವಾಪಸು ಬಂತು. ನಾಲ್ಕನೆಯ ದಿನ ಬೀಡಿಯ ಮೊರವನ್ನು ಬದಿಗಿಟ್ಟು, ಅಮ್ಮನನ್ನು ಇವತ್ತು ನಾನು ಕರೆದುಕೊಂಡು ಹೋಗುತ್ತೇನೆ, ನೀನೂ ಬಾ ದೇಜು, ಮಾತಾಡಲು ಜನ ಬೇಕು ಎಂದಳು. ನಾನು ಅಂಗಡಿ ಮುಚ್ಚಿದೆ. ಅಂದು ಕಾಪುವಿನಲ್ಲಿ ಜನ ಬಟ್ಟೆ ಇಲ್ಲದೆ ಪರದಾಡಿದರು.

ಮಣಿಪಾಲದಲ್ಲಿ ನನ್ನ ಬಾಯಿ ತೆರೆಯಲು ಅಕ್ಕ ಬಿಡಲಿಲ್ಲ. ಲಿಡ್ವಿನ್ ಸರ್ ಬೆಂಚಿನ ಹತ್ತಿರ ಬಂದ ಕೂಡಲೇ ಎದ್ದು ನಿಂತಳು.

"ತೊಳೆದದ್ದು ನಾನು. ಹುಡುಗಿಗೆ ಗೊತ್ತಿರಲಿಲ್ಲ. ಅವಳನ್ನು ಯಾಕೆ ಹೊರಗೆ ಕೂರಿಸಿದ್ದೀರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ತೊಳೆಯಬಾರದೆಂದು ಅವಳು ನಿಮಗೆ ಹೇಳಿರಲಿಲ್ಲವಾ?"

"ಹೇಳಿದ್ದಳು. ಆರ್ಡರ್ ಕೊಟ್ಟ ಹಾಗೆ ಹೇಳಿದಳು. ಯಾಕೆ ಎಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ, ನಮಗಿಬ್ಬರಿಗೂ ಜಗಳ ಇತ್ತು."

ಸುಭಾಷಿಣಿ ತಲೆ ತಗ್ಗಿಸಿದಳು. ಲಿಡ್ವಿನ್ ಸರ್ ಅವಳ ಕಡೆ ತಿರುಗಿ, ಬೆಂಚಿನಲ್ಲಿ ಕೂರಿಸಿದ್ದು ಇದಕ್ಕೇ ಎಂದರು. ಕೋಣೆಯೊಳಗೆ ರೋಗಿ ಇರುವುದು ಕೆಲವೇ ನಿಮಿಷ, ಉಳಿದ ಹೊತ್ತು ಅವರ ಮನೆಯವರ ಕೈಯಲ್ಲಿ. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಬಾರದಿದ್ದರೆ ಮೆಶಿನು ನಡೆಸಲು ಕಲಿತು ಏನು ಮಾಡುತ್ತೀ ಎಂದು ಕೇಳಿ ಒಳಗೆ ಹೋದರು.

ಅಂದಿನಿಂದ ಅಕ್ಕ ದಿನವೂ ಅಮ್ಮನ ಜೊತೆ ಹೋದಳು. ಬುತ್ತಿಯಲ್ಲಿ ಮೂರು ಜನರ ಊಟ ಕಟ್ಟುತ್ತಿದ್ದಳು. ಮೊದಮೊದಲು ಸುಭಾಷಿಣಿ ಹೊಸ ರೋಗಿಗಳಿಗೆ ಪುಸ್ತಕದ ಕನ್ನಡದಲ್ಲಿ ವಿವರಿಸಿದರೆ ಅವರು ಹೂಂ ಹೂಂ ಎಂದು ತಲೆಯಾಡಿಸಿ, ಆಮೇಲೆ ಸ್ನಾನಕ್ಕೆ ಯಾವ ಸೋಪು ಎಂದು ಕೇಳುತ್ತಿದ್ದರು. ಪಕ್ಕದಲ್ಲಿ ಕೂತ ಅಕ್ಕನಿಗೆ ತಡೆಯಲಾಗಲಿಲ್ಲ. ತುಳುವಿನಲ್ಲಿ ಶುರುಮಾಡಿದಳು. ನಾನು ನನ್ನ ಹೆತ್ತ ತಾಯಿಯ ಗೆರೆ ತೊಳೆದವಳು, ಕಿರಣಕ್ಕೆ ಕಣ್ಣಿಲ್ಲ, ಈ ಗೆರೆಯೇ ಅದಕ್ಕೆ ದಾರಿ, ನೆಂಟರ ಮರ್ಯಾದೆ ನೋಡಿ ಮೋಸ ಹೋಗಬೇಡಿ ಎಂದಳು. ಕುಂದಾಪುರದ ಕಡೆಯ ಒಬ್ಬ ಮುದುಕ ಅಂದಿನಿಂದ ಮುಖಕ್ಕೆ ಮಂಜು ತಾಗೀತೆಂದು ಕೊಡೆ ಬಿಡಿಸಿಕೊಂಡೇ ಬಂದ. ಬೆಂಚಿನವರಿಗೆಲ್ಲ ಅಕ್ಕನ ಉಪ್ಪಿನಕಾಯಿಯ ರುಚಿ ಗೊತ್ತಾಯಿತು. ಸುಭಾಷಿಣಿ ತಾಯಿಯ ಮಾತು ಕೇಳಿಸಿಕೊಂಡು, ತಾನೂ ಪುಸ್ತಕ ಬಿಟ್ಟು ಮನೆಯ ಮಾತಿಗೆ ಇಳಿದಳು. ಮಧ್ಯಾಹ್ನ ಒಂದು ದಿನ, ಅಮ್ಮಾ, ಚಟ್ನಿಗೆ ಉಪ್ಪು ಕಡಿಮೆ ಎಂದಳು. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು. ಅಕ್ಕ ಮರುದಿನ ಹಾಕಿದ ಉಪ್ಪಿಗೆ ಮಲ್ಪೆಯ ಸಮುದ್ರ ಸಪ್ಪೆಯಾಯಿತು.

ಡಿಸೆಂಬರ್ ಕೊನೆಯ ವಾರದಲ್ಲಿ ಹೂವಪ್ಪಣ್ಣ ಹೇಳಿ ಕಳುಹಿಸಿದರು. ಹುಡುಗಿ ಆ ಕೆಲಸ ಬಿಡುವುದಾದರೆ ಹಳೆಯದನ್ನು ಮರೆತು ಮುಂದುವರಿಯೋಣ ಎಂದು. ನಾನು ಉತ್ತರವನ್ನು ಹಾಡಿನ ಹಾಗೆ ಹೊಸೆಯುತ್ತಿದ್ದೆ. ಅಕ್ಕ ಬೀಡಿಗೆ ನೂಲು ಸುತ್ತುತ್ತಲೇ, ಕೆಲಸ ಬಿಡುವುದಿಲ್ಲವಂತೆ, ಬೇರೆ ಮನೆ ನೋಡಲಿ ಎಂದು ಹೇಳಿ ಬಾ, ಉದ್ದ ಮಾಡಬೇಡ ಎಂದಳು.

ಅಮ್ಮನ ಹುಣ್ಣು ಒಣಗುತ್ತಾ ಬಂದಿತ್ತು. ಕೊನೆಯ ದಿನದ ಕಿರಣಕ್ಕೆ ನಾನೂ ಹೋಗಿದ್ದೆ. ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಲಿಡ್ವಿನ್ ಸರ್ ಬಾಗಿಲಿನ ಹತ್ತಿರ ನಿಂತು ಬೆಂಚಿನ ಕಡೆ ನೋಡಿ, ಸುಭಾಷಿಣಿ, ಒಳಗೆ ಬಾ ಎಂದರು. ಅವಳು ಎದ್ದ ರಭಸಕ್ಕೆ ಬುತ್ತಿ ಉರುಳಿತು. ಮೆಶಿನಿನ ಸ್ವಿಚ್ಚುಗಳಿರುವ ಮೇಜು ಬೆಂಚಿನ ಪಕ್ಕದ ಕೋಣೆಯಲ್ಲೇ ಇತ್ತು. ದೊಡ್ಡ ಬಾಗಿಲು ಮುಚ್ಚಿದ ಸದ್ದಾಯಿತು. ಒಳಗೆ ಮಲಗಿದ ರೋಗಿಯೊಡನೆ ಮೈಕಿನಲ್ಲಿ ಯಾವಾಗಲೂ ಮಾತಾಡುವುದು ಲಿಡ್ವಿನ್ ಸರ್. ಅಂದು ಕೇಳಿದ್ದು ನಮ್ಮ ಹುಡುಗಿಯ ದನಿ.

"ಅಜ್ಜಿ, ನಾನು ಸುಭಾಷಿಣಿ. ಅಲುಗಾಡಬೇಡಿ. ನಾನು ಇಲ್ಲಿಂದ ನೋಡುತ್ತಿದ್ದೇನೆ."

ಆ ದನಿ ಪರ್ಕಳದವರೆಗೆ ಕೇಳಿಸಿತು. ಅಕ್ಕ ಸೆರಗಿನ ತುದಿ ಬಾಯಿಗೆ ಇಟ್ಟುಕೊಂಡಳು. ಪಕ್ಕದಲ್ಲಿ ಅಂದೇ ಬಂದ ಹೊಸ ಹೆಂಗಸು, ಗಂಡನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಒಳಗೆ ಮಾತಾಡಿದ್ದು ಯಾರು ಎಂದು ಕೇಳಿದಳು.

"ನನ್ನ ಮಗಳು," ಎಂದಳು ಅಕ್ಕ. "ಹೆದರಬೇಡಿ. ಇಲ್ಲಿಯ ಡಾಕ್ಟರುಗಳಿಗೆಲ್ಲ ಕಲಿಸುವುದು ಅವಳೇ."

ನಾನು ಬೆಚ್ಚಿಬಿದ್ದೆ. ಅಷ್ಟು ದೊಡ್ಡದನ್ನು ಇಷ್ಟು ವರ್ಷದಲ್ಲಿ ನಾನೂ ಹೇಳಿದವನಲ್ಲ. ತಿದ್ದಲು ಹೋಗದೆ, ಬಿದ್ದ ಬುತ್ತಿ ಎತ್ತಿಕೊಂಡು ಸ್ವಲ್ಪ ಆಚೆ ಸರಿದು ಕೂತೆ.